ಬೀಗದ ಕೈ ಇಲ್ಲದ ಗುಮಾಸ್ತ

ಹಣದ ಚರಿತ್ರೆಯಲ್ಲಿ ಗುಮಾಸ್ತನಿಗೊಂದು ಖಚಿತ ಜಾಗವಿದೆ. ಸಾಹುಕಾರನ ಗಾದಿಯ ಪಕ್ಕ ಕೂತು ಹುಂಡಿ ಬರೆಯುತ್ತಿದ್ದವನು, ಊರಿನ ಕಡತ ಬಿಚ್ಚಿ ಕಂದಾಯದ ಬಾಕಿ ಹೇಳುತ್ತಿದ್ದ ಶಾನುಭೋಗ, ಬ್ಯಾಂಕಿನ ಕೌಂಟರಿನ ಹಿಂದೆ ಪಾಸ್‌ಬುಕ್ ತುಂಬಿಸುತ್ತಿದ್ದವರು, ಈಗ ಫೋನಿನಲ್ಲಿ ಹುಟ್ಟಿದ ದಿನಾಂಕ ಕೇಳಿ ಖಾತೆ ತೆರೆದು ನೋಡುವವರು: ಇವರೆಲ್ಲರಲ್ಲೂ ಎರಡು ಶಕ್ತಿಗಳು ಒಟ್ಟಿಗೇ ಇದ್ದವು. ನಮಗೆ ತಿಳಿಯದ್ದನ್ನು ಬಿಡಿಸಿ ಹೇಳುವ ಅರಿವು ಒಂದು, ತಪ್ಪಿದ್ದನ್ನು ತಿದ್ದಿ ಬರೆಯುವ ಅಧಿಕಾರ ಇನ್ನೊಂದು. 2009ರ ಜನವರಿ 3ರಂದು ಬಿಟ್‌ಕಾಯಿನ್‌ನ ಮೊದಲ ಬ್ಲಾಕ್, ಅಂದರೆ ಅದರ ಲೆಕ್ಕದ ಮೊದಲ ಪುಟ, ದಾಖಲಾದಾಗ ಇವೆರಡೂ ಬೇರೆಯಾದವು. ಲೆಕ್ಕದ ಪುಸ್ತಕ ಎಲ್ಲರ ಕಂಪ್ಯೂಟರಿಗೂ ಹಂಚಿಹೋಯಿತು; ಹಣ ಕದಲಿಸುವ ಖಾಸಗಿ ಕೀ ಆಯಾ ಒಡೆಯನ ಬಳಿಯೇ ಉಳಿಯಿತು. ದಾರಿ ತೋರಿಸುವ ಮನುಷ್ಯ ಇನ್ನೂ ಬೇಕಾಗಿದ್ದ, ಆದರೆ ಅವನ ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ವಿಕೇಂದ್ರೀಕೃತ ಕ್ರಿಪ್ಟೊಕರೆನ್ಸಿಗಳ ಸುತ್ತ ಬೆಳೆದ ಬಳಕೆದಾರರ ನೆರವಿನ ತಂಡಗಳ ಕಥೆ ಈ ಹೊಸ ಬಗೆಯ ಗುಮಾಸ್ತನ ಕಥೆ. ನನ್ನ ವಾದ ಇಷ್ಟು: ಈ ಕೆಲಸವನ್ನು ಯಾರು ಮಾಡಿದರು, ಯಾರ ಸಂಬಳದಲ್ಲಿ ಮಾಡಿದರು, ಯಾರಿಗೆ ಉತ್ತರ ಕೊಟ್ಟರು ಎಂಬುದರಲ್ಲೇ ಆ ಸಮುದಾಯಗಳ ವಿಕೇಂದ್ರೀಕರಣದ ನಿಜವಾದ ಅಳತೆ ಸಿಗುತ್ತದೆ. ಅದನ್ನು ಪುಕ್ಕಟೆ ಉಪಕಾರವೆಂದು ಬಿಟ್ಟಲ್ಲೆಲ್ಲ ಆ ಜಾಗಕ್ಕೆ ಕಳ್ಳರು ಬಂದು ಕೂತರು.

ಮೊದಲ ನೆರವುಗಾರ ಸತೋಶಿ ನಾಕಾಮೊಟೊ ಎಂಬ ಹೆಸರಿನ ಹಿಂದಿದ್ದ ನಿರ್ಮಾತೃವೇ. 2009ರ ಜನವರಿಯಲ್ಲಿ ತಂತ್ರಾಂಶ ಇಳಿಸಿಕೊಂಡ ಪ್ರೋಗ್ರಾಮರ್ ಹ್ಯಾಲ್ ಫಿನ್ನಿಯವರ ಕಂಪ್ಯೂಟರಿನಲ್ಲಿ ಅದು ಕುಸಿದು ಬೀಳುತ್ತಿತ್ತು. ಫಿನ್ನಿ ಇಮೇಲಿನಲ್ಲಿ ದೋಷದ ವಿವರ ಬರೆಯುತ್ತಿದ್ದರು, ಸತೋಶಿ ತಿದ್ದಿ ಕಳಿಸುತ್ತಿದ್ದರು. ಜನವರಿ 12ರಂದು ಫಿನ್ನಿಗೆ ತಲುಪಿದ 10 ಬಿಟ್‌ಕಾಯಿನ್‌ಗಳು, ಅಂದರೆ ಒಬ್ಬರಿಂದ ಇನ್ನೊಬ್ಬರಿಗೆ ಆದ ಮೊದಲ ರವಾನೆ, ಈ ಪತ್ರವ್ಯವಹಾರದ ನಡುವೆಯೇ ನಡೆದದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಮಾರ್ಟಿ ಮಾಲ್ಮಿ ನೆರವಾಗಲು ಮುಂದೆ ಬಂದರು. ಸತೋಶಿ ಅವರಿಗೆ ಮೊದಲು ಒಪ್ಪಿಸಿದ್ದು ಬರವಣಿಗೆಯ ಕೆಲಸ. ತನಗೆ ಕೋಡ್ ಬರೆಯುವಷ್ಟು ಚೆನ್ನಾಗಿ ವಿವರಣೆ ಬರೆಯಲು ಬರುವುದಿಲ್ಲವೆಂದು ಒಪ್ಪಿಕೊಂಡಿದ್ದರು. ಜನ ಪದೇಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿದ ಮಾಲ್ಮಿಯವರನ್ನು ಈ ವೃತ್ತಿಯ ಮೊದಲಿಗರೆಂದು ಕರೆಯಬಹುದು. ಜಗತ್ತಿನ ಮೊದಲ ವಿಕೇಂದ್ರೀಕೃತ ನಾಣ್ಯಕ್ಕೆ ಬೇಕಾದ ಎರಡನೇ ಮನುಷ್ಯ ಗಣಿತಜ್ಞನೂ ಅಲ್ಲ, ಬಂಡವಾಳ ಹೂಡುವವನೂ ಅಲ್ಲ, ತಿಳಿಯುವಂತೆ ಹೇಳಬಲ್ಲವನು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 2010ರ ಡಿಸೆಂಬರ್ ಹೊತ್ತಿಗೆ ಸತೋಶಿ ಸಾರ್ವಜನಿಕವಾಗಿ ಬರೆಯುವುದನ್ನೇ ನಿಲ್ಲಿಸಿದರು. ಆಮೇಲೆ ಪ್ರಶ್ನೆಗಳು ನೂರಾಗಿ ಸಾವಿರವಾಗಿ ಬರುತ್ತಲೇ ಹೋದವು, ಉತ್ತರಿಸಬೇಕಾದ ಕುರ್ಚಿ ಯಾರದೂ ಆಗಲಿಲ್ಲ.

ನೆರವು ಎಂದರೆ ಪಾಸ್‌ವರ್ಡ್ ಮರೆತವರಿಗೆ ಸಮಾಧಾನ ಹೇಳುವುದಷ್ಟೇ ಎಂದುಕೊಂಡವರು 2010ರ ಆಗಸ್ಟ್ 15ನ್ನು ನೆನೆಯಬೇಕು. ಅಂದು 74638ನೇ ಬ್ಲಾಕಿನಲ್ಲಿ, ಲೆಕ್ಕ ಕೂಡುವ ಕೋಡಿನ ಒಂದು ದೋಷದಿಂದ, 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್‌ಗಳು ಶೂನ್ಯದಿಂದ ಹುಟ್ಟಿಕೊಂಡವು. ಈ ನಾಣ್ಯದ ಒಟ್ಟು ಮಿತಿಯೇ 2.1 ಕೋಟಿ. ಕೆಲವೇ ಗಂಟೆಗಳಲ್ಲಿ ತಿದ್ದಿದ ತಂತ್ರಾಂಶ ಸಿದ್ಧವಾಯಿತು. ಆದರೆ ಅದನ್ನು ಯಾರ ಮೇಲೂ ಹೇರುವಂತಿರಲಿಲ್ಲ. ಹೊಸದನ್ನು ಇಳಿಸಿಕೊಳ್ಳಿ, ಕೆಟ್ಟ ಬ್ಲಾಕುಗಳ ಸರಪಳಿಯನ್ನು ಬಿಡಿ ಎಂದು ಒಬ್ಬೊಬ್ಬರಿಗೂ ಹೇಳಿ ಒಪ್ಪಿಸಬೇಕಿತ್ತು. 2013ರ ಮಾರ್ಚ್ 11ರಂದು ಇದೇ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಬಿಟ್‌ಕಾಯಿನ್ ತಂತ್ರಾಂಶದ 0.8ನೇ ಆವೃತ್ತಿ ಒಪ್ಪಿದ ಒಂದು ದೊಡ್ಡ ಬ್ಲಾಕನ್ನು 0.7 ಒಪ್ಪಲಿಲ್ಲ, ಸರಪಳಿ ಎರಡಾಗಿ ಸೀಳಿತು. ಅಭಿವೃದ್ಧಿಕಾರರು ಚಾಟ್ ಕೋಣೆಗಳಲ್ಲಿ, ಹೊಸ ಬ್ಲಾಕು ಸೇರಿಸಿ ಪ್ರತಿಫಲ ಪಡೆಯುವ ದೊಡ್ಡ ಮೈನರ್‌ಗಳ ಜೊತೆ ಮಾತಾಡಿ ಹಳೆಯ ಆವೃತ್ತಿಗೆ ಮರಳುವಂತೆ ಕೇಳಿಕೊಂಡರು. ಮೈನರ್‌ಗಳು ತಮಗೆ ಬಂದಿದ್ದ ಪ್ರತಿಫಲ ಕಳೆದುಕೊಂಡೂ ಮರಳಿದರು. ಎರಡೂ ಸಲ ಜಾಲ ಉಳಿದದ್ದು ಆಜ್ಞೆಯಿಂದಲ್ಲ, ತಾಳ್ಮೆಯ ವಿವರಣೆಯಿಂದ. ಅಧಿಕಾರವಿಲ್ಲದ ಕಡೆ ವಿವರಣೆಯೇ ಆಡಳಿತದ ಕೆಲಸ ಮಾಡುತ್ತದೆ.

ತಂತ್ರಾಂಶವನ್ನೇ ಚೆನ್ನಾಗಿ ರೂಪಿಸಿದರೆ ನೆರವುಗಾರರ ಗೊಡವೆಯೇ ಬೇಡವಲ್ಲ ಎಂಬುದು ಇಂಜಿನಿಯರುಗಳ ಹಳೆಯ ಆಕ್ಷೇಪ. ಅದರಲ್ಲಿ ಸತ್ಯವಿದೆ. ಬಿಟ್‌ಕಾಯಿನ್ ವಿಳಾಸಗಳಿಂದ ಸೊನ್ನೆ ಮತ್ತು ದೊಡ್ಡ ಓ, ದೊಡ್ಡ ಐ ಮತ್ತು ಚಿಕ್ಕ ಎಲ್ ಅಕ್ಷರಗಳನ್ನು ಮೊದಲೇ ಕೈಬಿಟ್ಟದ್ದು ನಕಲು ಮಾಡುವವರ ಕಣ್ಣು ತಪ್ಪದಿರಲೆಂದು. ಆಮೇಲೆ ಬಂದ ಇನ್ನೊಂದು ನಾಣ್ಯಜಾಲ ಇಥೀರಿಯಂನ ವಿಳಾಸಗಳಲ್ಲಿ ತಪ್ಪು ಹಿಡಿಯುವ ಉಪಾಯ ಮೊದಲು ಇರಲಿಲ್ಲ, 2016ರಲ್ಲಿ ಸೇರಿಸಿದರು. ಎಲ್ಲಕ್ಕಿಂತ ದೊಡ್ಡ ಸುಧಾರಣೆ 2013ರ ಬಿಪ್-39 ಎಂಬ ಮಾನದಂಡ: ಉದ್ದುದ್ದದ ಕೀ ಬರೆದಿಡುವ ಬದಲು 2,048 ಪದಗಳ ಪಟ್ಟಿಯಿಂದ 12 ಅಥವಾ 24 ಪದಗಳನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಕು. ಆದರೆ ಪ್ರತಿ ಸುಧಾರಣೆಯೂ ಒಂದು ಬಗೆಯ ತಪ್ಪನ್ನು ಅಳಿಸಿ ಇನ್ನೊಂದಕ್ಕೆ ದಾರಿ ತೆರೆಯಿತು. ಅರ್ಥವಿಲ್ಲದ ಅಕ್ಷರಮಾಲೆಯನ್ನು ಫೋನಿನಲ್ಲಿ ಯಾರಿಗೂ ಸರಿಯಾಗಿ ಹೇಳಲಾಗದು. ಹನ್ನೆರಡು ಸರಳ ಪದಗಳನ್ನು ಹೇಳಬಹುದು, ಕೇಳಿದವನು ಕಳ್ಳನಾಗಿದ್ದರೂ.

ಈ ಕಳ್ಳರು ಬಂದದ್ದು ನೆರವುಗಾರರ ವೇಷದಲ್ಲಿ. 2017ರಲ್ಲಿ ಹೊಸ ಟೋಕನ್‌ಗಳ ಮಾರಾಟದ ಅಬ್ಬರ ಎದ್ದಾಗ ಲಕ್ಷಾಂತರ ಜನ ಮೊದಲ ಬಾರಿಗೆ ಕೀ ಇಟ್ಟುಕೊಳ್ಳುವ ವಾಲೆಟ್ ತೆರೆದರು. 2015ರಲ್ಲಿ ಹುಟ್ಟಿದ ಮೈಈಥರ್‌ವಾಲೆಟ್‌ನಂಥ ಉಚಿತ ಸಾಧನವನ್ನು ಅನೇಕರು ಬ್ಯಾಂಕ್ ಖಾತೆಯೆಂದೇ ತಿಳಿದಿದ್ದರು. ನಿಮ್ಮ ಹಣ ನಮ್ಮ ಬಳಿ ಇಲ್ಲ, ಕೀ ಕಳೆದರೆ ನಾವು ತರಿಸಿಕೊಡಲಾರೆವು ಎಂದು ಅದನ್ನು ನಡೆಸುವವರು ಮತ್ತೆ ಮತ್ತೆ ಬರೆಯಬೇಕಾಯಿತು. ಟೆಲಿಗ್ರಾಮ್, ಡಿಸ್ಕಾರ್ಡ್ ಗುಂಪುಗಳಲ್ಲಿ ಯಾರಾದರೂ ತೊಂದರೆ ಹೇಳಿಕೊಂಡ ನಿಮಿಷದೊಳಗೆ ಅಡ್ಮಿನ್‌ನದೇ ಹೆಸರು, ಅದೇ ಚಿತ್ರ ಹಾಕಿಕೊಂಡ ಯಾರೋ ಖಾಸಗಿ ಸಂದೇಶ ಕಳಿಸಿ, ಸಮಸ್ಯೆ ಸರಿಪಡಿಸಲು ಆ ಹನ್ನೆರಡು ಪದಗಳನ್ನು ಕೇಳುತ್ತಿದ್ದ. ಕೊನೆಗೆ ನಿಜವಾದ ಅಡ್ಮಿನ್‌ಗಳು ತಾವಾಗಿ ಎಂದೂ ಮೊದಲು ಸಂದೇಶ ಕಳಿಸುವುದಿಲ್ಲ ಎಂಬ ಮಾತನ್ನು ತಮ್ಮ ಹೆಸರಿಗೇ ಅಂಟಿಸಿಕೊಂಡರು. ನೆರವುಗಾರನೇ ತಾನು ನೆರವಿಗೆ ಧಾವಿಸುವುದಿಲ್ಲವೆಂದು ಸಾರಬೇಕಾದ ಸ್ಥಿತಿ ಬೇರೆ ಯಾವ ವೃತ್ತಿಗೂ ಬಂದಿರಲಾರದು. ಜನ ಮೋಸಹೋದದ್ದು ದಡ್ಡತನದಿಂದ ಎನ್ನುವವರಿಗೆ ನನ್ನ ಉತ್ತರ: ಬ್ಯಾಂಕಿನ ಗುಮಾಸ್ತನ ಬಳಿ ಬೀಗದ ಕೈ ಇರುವುದನ್ನು ತಲೆಮಾರುಗಳಿಂದ ನೋಡಿದವರು ಇಲ್ಲಿಯೂ ಹಾಗೇ ಇರಬೇಕೆಂದು ನಂಬಿದ್ದು ಸಹಜ. ಇಲ್ಲಿ ಹಾಗಿಲ್ಲವೆಂದು ಮೊದಲ ದಿನವೇ ಹೇಳುವ ಹೊಣೆ ಹೊತ್ತವರು ಯಾರೂ ಇರಲಿಲ್ಲ.

ಕೀ ನಿನ್ನದು, ಹೊಣೆಯೂ ನಿನ್ನದು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಬೀಗ ತೆಗೆಯಬಲ್ಲ ಸಹಾಯಕ ಒಬ್ಬನಿದ್ದರೂ ಅದು ಮತ್ತೆ ಬ್ಯಾಂಕೇ ಆಯಿತು ಎನ್ನುತ್ತಾರೆ ಹೀಗೆ ಆಕ್ಷೇಪಿಸುವವರು. ಇಥೀರಿಯಂನ ಎರಡು ಘಟನೆಗಳು ಇದನ್ನು ಪರೀಕ್ಷೆಗೆ ಒಡ್ಡಿದವು. 2016ರ ಜೂನ್ 17ರಂದು ದಿ ಡಾವೊ ಎಂಬ ಹೂಡಿಕೆ ನಿಧಿಯಿಂದ ಇಥೀರಿಯಂನ ನಾಣ್ಯವಾದ ಈಥರ್ ಸುಮಾರು 36 ಲಕ್ಷದಷ್ಟು ಸೋರಿಹೋದಾಗ ಸಮುದಾಯದ ಬಹುಭಾಗ ಜುಲೈ 20ರಂದು ಲೆಕ್ಕವನ್ನೇ ತಿದ್ದಿ ಹಣ ಮರಳಿಸಿತು. ಒಪ್ಪದವರು ಹಳೆಯ ಸರಪಳಿಯಲ್ಲೇ ಉಳಿದು ಇಥೀರಿಯಂ ಕ್ಲಾಸಿಕ್ ಆದರು. 2017ರ ನವೆಂಬರಿನಲ್ಲಿ ಪ್ಯಾರಿಟಿ ವಾಲೆಟ್‌ನ ಹಂಚಿಕೆಯ ಕೋಡನ್ನು ಬಳಕೆದಾರನೊಬ್ಬ ಅಳಿಸಿಹಾಕಿ 5 ಲಕ್ಷಕ್ಕೂ ಹೆಚ್ಚು ಈಥರ್ ಹೆಪ್ಪುಗಟ್ಟಿತು. ಅದನ್ನು ಬಿಡಿಸುವ ಪ್ರಸ್ತಾವ 2018ರಲ್ಲಿ ಬಂತು, ಜಾರಿಗೆ ಬರಲಿಲ್ಲ. ಆಕ್ಷೇಪಿಸುವವರು ಇದರಿಂದ ಪಡೆಯುವ ಪಾಠ ಸರಿಯೇ: ಬೀಗ ಒಡೆಯುವ ಅಧಿಕಾರ ಅಪರೂಪದ್ದು, ಅದಕ್ಕೆ ಸಮುದಾಯವೇ ಸೀಳುವ ಬೆಲೆ ತೆರಬೇಕು. ಆದರೆ ಅದರಿಂದ ನೆರವು ಬೇಡವೆಂಬ ತೀರ್ಮಾನಕ್ಕೆ ಬರಲಾಗದು. ಆದ ತಪ್ಪನ್ನು ತಿದ್ದಲು ಆಗುವುದಿಲ್ಲವೆಂದಾದರೆ ಆಗುವ ಮುಂಚೆ ಹೇಳುವವನ ಬೆಲೆ ಇಮ್ಮಡಿಯಾಗುತ್ತದೆ. ಸೇತುವೆಗೆ ಕಟಕಟೆ ಇಲ್ಲದಿದ್ದರೆ ದೀಪವಾದರೂ ಇರಬೇಕು.

ಹಾಗಿದ್ದರೆ ದೀಪದ ಎಣ್ಣೆಗೆ ದುಡ್ಡು ಎಲ್ಲಿಂದ? ಈ ಪ್ರಶ್ನೆಗೆ ಮೊದಲ ಗಂಭೀರ ಉತ್ತರ ಕೊಟ್ಟವುಗಳಲ್ಲಿ ಡ್ಯಾಶ್ ಒಂದು. 2014ರಲ್ಲಿ ಶುರುವಾದ ಈ ನಾಣ್ಯ 2015ರಿಂದ ಪ್ರತಿ ಬ್ಲಾಕಿನ ಪ್ರತಿಫಲದಲ್ಲಿ ಶೇ 10ನ್ನು ಸಾಮೂಹಿಕ ಖಜಾನೆಗೆ ಎತ್ತಿಟ್ಟಿತು. 1,000 ಡ್ಯಾಶ್ ಅಡವಿಟ್ಟು ಮಾಸ್ಟರ್‌ನೋಡ್ ಎಂಬ ವಿಶೇಷ ಕಂಪ್ಯೂಟರ್ ನಡೆಸುವವರು ತಿಂಗಳಿಗೊಮ್ಮೆ ಪ್ರಸ್ತಾವಗಳ ಮೇಲೆ ಮತ ಹಾಕುತ್ತಿದ್ದರು. ಹಣದುಬ್ಬರದಿಂದ ಬೊಲಿವಾರ್ ಕುಸಿದಿದ್ದ ವೆನೆಜುವೆಲಾದಲ್ಲಿ ಅಂಗಡಿಕಾರರಿಗೂ ಬಳಕೆದಾರರಿಗೂ ಕೈಹಿಡಿದು ಕಲಿಸುವ ತಂಡಗಳು ಹೀಗೆ ಹಣ ಪಡೆದವು. ದೌರ್ಬಲ್ಯವೂ ಬೇಗ ಕಂಡಿತು: 2017ರ ಕೊನೆಯಲ್ಲಿ 1,000 ಡಾಲರ್ ದಾಟಿದ್ದ ಡ್ಯಾಶ್ ಮರುವರ್ಷದ ಕೊನೆಗೆ 100ಕ್ಕಿಂತ ಕೆಳಗಿಳಿಯಿತು. ಬೆಲೆ ಬಿದ್ದು ಜನ ಹೆಚ್ಚು ಗಾಬರಿಗೊಳ್ಳುವ ಹೊತ್ತಿನಲ್ಲೇ ಅವರಿಗೆ ಉತ್ತರ ಹೇಳುವವರ ಸಂಬಳವೂ ಕರಗುತ್ತದೆ.

ನನಗೆ ಹೆಚ್ಚು ಮಾತಾಡುವ ಉದಾಹರಣೆ ಬಿಸ್ಕ್. 2016ರಲ್ಲಿ ಬಿಟ್‌ಸ್ಕ್ವೇರ್ ಎಂಬ ಹೆಸರಲ್ಲಿ ಬಂದ ಈ ವಿನಿಮಯ ಕೇಂದ್ರಕ್ಕೆ ಕಂಪನಿಯೂ ಇಲ್ಲ, ಸರ್ವರೂ ಇಲ್ಲ. ಕೊಳ್ಳುವವನೂ ಮಾರುವವನೂ ತಂತಮ್ಮ ಠೇವಣಿಯನ್ನು ಜಂಟಿ ಬೀಗದಲ್ಲಿಟ್ಟು ನೇರ ವ್ಯವಹರಿಸುತ್ತಾರೆ. ಮೊದಮೊದಲು ಆ ಬೀಗಕ್ಕೆ ಮೂರು ಕೀಗಳಿದ್ದವು. ಯಾವ ಎರಡರಿಂದಾದರೂ ತೆರೆಯಬಹುದಿತ್ತು, ಮೂರನೆಯದು ಜಗಳ ಬಿಡಿಸುವ ಮಧ್ಯಸ್ಥನದು. 2019ರ ಅಕ್ಟೋಬರಿನಲ್ಲಿ ಆ ಮೂರನೇ ಕೀಯನ್ನೇ ತೆಗೆದುಹಾಕಿದರು. ಮಧ್ಯಸ್ಥ ಉಳಿದ, ಎರಡೂ ಕಡೆ ಕೇಳಿ ಸಲಹೆ ಕೊಡುವುದು ಮಾತ್ರ ಅವನ ಕೆಲಸ. ಹೊಣೆಯ ಸ್ಥಾನಗಳಲ್ಲಿರುವವರು ಯೋಜನೆಯ ಟೋಕನ್‌ಗಳನ್ನು ಒತ್ತೆ ಇಡಬೇಕು, ಕರ್ತವ್ಯ ತಪ್ಪಿದರೆ ಸಮುದಾಯ ಮತ ಹಾಕಿ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ನೆರವಿನ ಕೆಲಸ ಮಾಡುವವರು ಸುಮಾರು ತಿಂಗಳಿಗೊಮ್ಮೆ ತಾವು ಮಾಡಿದ ಕೆಲಸ ಬರೆದು ಸಂಭಾವನೆ ಕೇಳುತ್ತಾರೆ, ಅದನ್ನೂ ಮತವೇ ತೀರ್ಮಾನಿಸುತ್ತದೆ. ಸಂಬಳ, ಒತ್ತೆ, ಲೆಕ್ಕ ಒಪ್ಪಿಸುವಿಕೆ, ಈ ಮೂರೂ ಇದ್ದು ಅಧಿಕಾರ ಮಾತ್ರ ಇಲ್ಲದ ಗುಮಾಸ್ತ ಇಲ್ಲಿ ಪೂರ್ಣರೂಪದಲ್ಲಿ ಕಾಣಿಸುತ್ತಾನೆ.

ಸಂಬಳ ಪಡೆಯುವ ತಂಡ ಕ್ರಮೇಣ ತಾನೇ ಕೇಂದ್ರವಾಗುವುದಿಲ್ಲವೇ? ಆ ಭಯ ಸುಳ್ಳಲ್ಲ. 2020ರ ಏಪ್ರಿಲಿನಲ್ಲಿ ಬಿಸ್ಕ್‌ನ ಹೊಸ ವ್ಯವಸ್ಥೆಯ ದೋಷ ಹಿಡಿದು ದಾಳಿಕೋರನೊಬ್ಬ ಏಳು ಜನರಿಂದ ಸುಮಾರು 2.5 ಲಕ್ಷ ಡಾಲರ್ ಮೌಲ್ಯದ ನಾಣ್ಯ ಕದ್ದ. ಅಭಿವೃದ್ಧಿಕಾರರು ಎಚ್ಚರಿಕೆಯ ಕೀ ಬಳಸಿ ವ್ಯವಹಾರ ನಿಲ್ಲಿಸಿದರು. ಅಂಥ ಕೀ ಕೆಲವರ ಬಳಿ ಇತ್ತೆಂಬುದೇ ಹಲವರಿಗೆ ಆಗ ಗೊತ್ತಾಯಿತು. ಬಿಟ್‌ಕಾಯಿನ್‌ನಲ್ಲೂ 2010ರಿಂದ ಎಲ್ಲರ ಪರದೆಗೂ ಸಂದೇಶ ಕಳಿಸುವ ಒಂದು ಕೀ ಇತ್ತು, 2016ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿದರು. ಆದರೆ ಗಮನಿಸಿ: ಈ ಎರಡೂ ಕೀಗಳು ಬಹುಮಟ್ಟಿಗೆ ಕೋಡ್ ಬರೆಯುವವರ ಬಳಿ ಇದ್ದವು, ಪ್ರಶ್ನೆಗಳಿಗೆ ಉತ್ತರಿಸುವವರ ಬಳಿ ಅಲ್ಲ. ಬಿಸ್ಕ್‌ನಲ್ಲಿ ಬಳಕೆದಾರರು ಆ ತಡೆಯನ್ನು ಮೀರುವುದಕ್ಕೂ ಅವಕಾಶವಿತ್ತು, ಕಳೆದುಕೊಂಡ ಏಳು ಜನರಿಗೆ ಮುಂದಿನ ವ್ಯಾಪಾರದ ಆದಾಯದಿಂದ ಹಣ ಮರಳಿಸುವ ಪ್ರಸ್ತಾವವೂ ಬಂತು. ಪುಕ್ಕಟೆ ದುಡಿಯುವ ಅನಾಮಿಕನನ್ನು ಯಾರು ಏನೆಂದು ಕೇಳುವುದು? ಒತ್ತೆ ಇಟ್ಟವನನ್ನು ಕೇಳಬಹುದು.

ಕನ್ನಡಿಗರಿಗೆ ಈ ಚರ್ಚೆ ದೂರದ್ದಲ್ಲ. ತುಮಕೂರಿನ ನಂಟಿರುವ ವಿನಿಮಯ ಕೇಂದ್ರ ಯುನೊಕಾಯಿನ್ 2013ರಲ್ಲಿ ಶುರುವಾದಂದಿನಿಂದ ಈ ನಾಣ್ಯಗಳು ನಮ್ಮ ನಡುವೆಯೇ ಇವೆ. ಆದರೆ ಬಿಪ್-39ರ ಪದಪಟ್ಟಿಗಳು ಇರುವುದು ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಎರಡು ಬಗೆಯ ಚೀನಿ, ಫ್ರೆಂಚ್, ಇಟಾಲಿಯನ್, ಚೆಕ್, ಪೋರ್ಚುಗೀಸ್‌ಗಳಲ್ಲಿ. ಭಾರತದ ಒಂದು ಭಾಷೆಯೂ ಇಲ್ಲ. ಬಹುಪಾಲು ವಾಲೆಟ್‌ಗಳಿಗೆ ಇಂಗ್ಲಿಷ್ ಪಟ್ಟಿ ಮಾತ್ರ ಗೊತ್ತಿರುವುದರಿಂದ ಬೇರೆ ಪಟ್ಟಿ ಬಳಸಬೇಡಿರೆಂದು ಬಿಪ್-39ರ ದಾಖಲೆಯೇ ಎಚ್ಚರಿಸುತ್ತದೆ. ಆ ಎಚ್ಚರಿಕೆಗೆ ಕಾರಣವಿದೆ. ನಾಳೆ ಕನ್ನಡದ ಪಟ್ಟಿ ಸಿದ್ಧವಾದರೂ ಅದನ್ನು ಓದಬಲ್ಲ ವಾಲೆಟ್ ಸಿಗದೆ ಹಣ ಸಿಕ್ಕಿಹಾಕಿಕೊಳ್ಳಬಹುದು. ಹೀಗಾಗಿ ಕನ್ನಡ ಮಾತ್ರ ಬಲ್ಲ ಒಬ್ಬಾಕೆ ಹನ್ನೆರಡು ಇಂಗ್ಲಿಷ್ ಪದಗಳನ್ನು ಚಿತ್ರ ಬರೆದಂತೆ ನಕಲು ಮಾಡಬೇಕು. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸರಿಯಾಗಿದ್ದರೆ ಸಾಕು ಎಂಬುದನ್ನು, ಈ ಕಾಗದವನ್ನು ಸಹಾಯಕ್ಕೆ ಬಂದ ತನಗೂ ತೋರಿಸಬಾರದು ಎಂಬುದನ್ನು, ಆಕೆಯ ಪಕ್ಕ ಕೂತು ಆಕೆಯ ಮಾತಿನಲ್ಲೇ ಯಾರಾದರೂ ಹೇಳಬೇಕು.