ಪದ ಪರಿಚಯ: ಅಂಕಣ

ಅಂಕಣ ಎಂದರೆ ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಣ ಜಾಗ. ತೆಲುಗಿನಲ್ಲಿ ಇದು ‘ಅಂಕಣಮು’. ನೆಲ್ಲೂರು, ತಿರುಪತಿ ಕಡೆ ಇಂದಿಗೂ ನಿವೇಶನವನ್ನು ಅಂಕಣಗಳಲ್ಲೇ ಅಳೆಯುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಮನೆಯ ಅಳತೆಯೂ ಇದೇ: ಎರಡಂಕಣದ ಮನೆ, ಮೂರಂಕಣದ ಮನೆ. ತೊಲೆಗೆ ಸಿಕ್ಕ ಮರದ ಉದ್ದವೇ ಅಂಕಣಕ್ಕೆ ಮಿತಿ. ಕಂಬಗಳು ಸಮ ಅಂತರದಲ್ಲಿ ನಿಂತಾಗ ಒಳಾಂಗಣಕ್ಕೆ ಲಯ, ಪ್ರಮಾಣ ಎರಡೂ ತಾವಾಗಿ ಒದಗುತ್ತಿದ್ದವು. ಹೊಯ್ಸಳ ದೇಗುಲದ ನವರಂಗದಲ್ಲಿ ನಡುವಿನ 4 ಕಂಬಗಳು ಜಾಗವನ್ನು 9 ಅಂಕಣಗಳಾಗಿ ವಿಂಗಡಿಸುತ್ತವೆ. ಗೋಡೆಯಿಲ್ಲದಿದ್ದರೂ ಮೇಲಿನ ಭುವನೇಶ್ವರಿಯ, ಅಂದರೆ ನಡುಚಾವಣಿಯ, ಕೆತ್ತನೆ ನಡುವಣ ಅಂಕಣವನ್ನು ಎತ್ತಿ ತೋರಿಸುತ್ತದೆ. ಪತ್ರಿಕೆಯ ಪುಟದಲ್ಲಿ ಉದ್ದುದ್ದ ಪಟ್ಟಿಗಳಾದ ಜಾಗಕ್ಕೂ, ಅಲ್ಲಿ ನಿಯತವಾಗಿ ಬರುವ ಬರಹಕ್ಕೂ ಇದೇ ಹೆಸರು ಬಂತು.

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಂಥ ಬಡಾವಣೆಯ 30×40 ಸೈಟಿನ ಮನೆಗಳಿಗೆ ಈ ಪದ ಬಹಳ ಬೇಕು. ಉದ್ದನೆಯ ಹಾಲ್ ಅನ್ನು ಗೋಡೆಯಿಂದ ಕಡಿಯಬೇಕಿಲ್ಲ. ಬೀಮು, ದೀಪ, ಜಮಖಾನೆಗಳಿಂದಲೇ ಅಂಕಣ ಗುರುತಿಸಬಹುದು. ಬಳಕೆ: “ಎರಡಂಕಣ ಕೂರುವುದಕ್ಕೆ, ಒಂದಂಕಣ ಊಟಕ್ಕೆ ಬಿಡಿ.”