ಕಾಳಿಯ ದಡಕ್ಕೆ ಇಳಿದ ಬಂಡಿಗಳು



ಕಾನಹೊಸಹಳ್ಳಿಯ ಹೆದ್ದಾರಿಯ ಪಕ್ಕ ನಿಂತವರಿಗೆ ಸಮುದ್ರವೆಂಬುದು ಬಲು ದೂರದ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಸೀಮೆಯೆಲ್ಲ ಮೋಡ ನೋಡಿ ಬಿತ್ತುವ ಸೀಮೆ. ಊರ ಹೆಸರಿನಲ್ಲಿ ‘ಕಾನ’ ಎಂಬ ಸದ್ದೇನೋ ಇದೆ; ಆದರೆ ಮಲೆನಾಡಿನವರು ಕಾನು ಎಂದು ಕರೆಯುವ, ನಡುಹಗಲಲ್ಲೂ ಬಿಸಿಲು ನೆಲ ಮುಟ್ಟದ ಕಾಡು ಇಲ್ಲಿಲ್ಲ. ಆದ್ದರಿಂದ ರಜೆ ಬಂದಾಗ ಹೊಸಪೇಟೆ, ಗದಗ, ಹುಬ್ಬಳ್ಳಿ, ಯಲ್ಲಾಪುರದ ದಾರಿ ಹಿಡಿದು, ಅರಬೈಲು ಘಟ್ಟ ಇಳಿದು ಕಾರವಾರ ಸೇರಬೇಕೆಂದು ನಿಮಗೂ ಅನ್ನಿಸಬಹುದು. ಎರಡು ದಿನ ಕಡಲು, ಒಂದು ದಿನ ಗವಿ, ಒಂದು ದಿನ ಕಾಡು. ಹೀಗೆ ಹೊರಡುವಾಗ ಒಂದು ಸಂಗತಿ ತಿಳಿದಿರಲಿ. ಬಯಲುಸೀಮೆಯಿಂದ ಕಾಳಿ ನದಿಯ ಕಡೆಗೆ ಹೊರಟವರಲ್ಲಿ ನೀವು ಮೊದಲಿಗರಲ್ಲ, ಮತ್ತು ಹಿಂದೆ ಹೋದವರಾರೂ ವಿಹಾರಕ್ಕೆ ಹೋದವರಲ್ಲ.

ಕಾಳಿಯು ಸಮುದ್ರ ಸೇರುವಲ್ಲಿ ಉತ್ತರ ದಂಡೆಗೆ ಸದಾಶಿವಗಡ, ದಕ್ಷಿಣಕ್ಕೆ ಕಾರವಾರ. ಸದಾಶಿವಗಡದ ಆಚೆ ಗಾಳಿಮರಗಳ ನೆರಳಿನ ಮರಳುದಂಡೆಯೇ ದೇವಬಾಗ. 1980ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮೊದಲು ಕಬಿನಿಯ ಕಾಡಿನಲ್ಲಿ ವಸತಿ ಕಟ್ಟಿತು. ಮುಂದೆ ಇಲ್ಲಿಯೂ ಕಡಲತಡಿಯ ರೆಸಾರ್ಟು ತೆರೆಯಿತು.

ಆದರೆ ಈ ಮರಳದಂಡೆಯ ಮೇಲೆ ಮೊದಲು ಕಣ್ಣು ಹಾಕಿದವರು ಪ್ರವಾಸಿಗರಲ್ಲ, ಹತ್ತಿಯ ವ್ಯಾಪಾರಿಗಳು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಆಗ ಅವರಿಗೆ ನೆನಪಾದದ್ದು ಧಾರವಾಡ, ಗದಗದ ಎರೆಭೂಮಿ. ಅಲ್ಲಿಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದವನ ಊರಿನ ಹೆಸರು ಯಾರಿಗೂ ಬೇಕಾಗಲಿಲ್ಲ. ಮುಂಬಯಿಯ ಪೇಟೆಯಲ್ಲಿ ಅದು ‘ಕುಮಟಾ’ ಹತ್ತಿ ಎಂದೇ ಹೆಸರಾಯಿತು. ಕುಮಟೆಗಿಂತ ಕಾರವಾರದ ಕೊಲ್ಲಿ ಆಳವಾದದ್ದು, ಸುರಕ್ಷಿತವಾದದ್ದು ಎಂದು ಮ್ಯಾಂಚೆಸ್ಟರಿನವರು ಹಟ ಹಿಡಿದರು. ಅಲ್ಲಿಯ ಒಂದು ಕಂಪನಿ ಹತ್ತಿ ಹಿಂಜುವ, ಒತ್ತುವ ಯಂತ್ರಗಳನ್ನೇ ಹಡಗಿನಲ್ಲಿ ಸದಾಶಿವಗಡಕ್ಕೆ ಕಳಿಸಿತು. ಬಂದು ನೋಡಿದರೆ ಹಡಗುಕಟ್ಟೆಯೂ ಇಲ್ಲ, ಘಟ್ಟ ಹತ್ತುವ ರಸ್ತೆಯೂ ಇಲ್ಲ!

ಕಾರಣ ಸರಳ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಬಂದರು ಇರುವ ಕೆನರಾ, ನಮ್ಮ ಬಳ್ಳಾರಿಯಂತೆಯೇ, ಮದರಾಸಿಗೆ ಸೇರಿತ್ತು. ಮುಂಬಯಿಯ ಹತ್ತಿಗಾಗಿ ಮದರಾಸಿನವರು ರಸ್ತೆಗೆ ಹಣ ಸುರಿಯಲು ಅವಸರ ಮಾಡಲಿಲ್ಲ. ಕೊನೆಗೆ 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನೇ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಮೇಲಿನವರ ಅನುಕೂಲಕ್ಕೆ ಜಿಲ್ಲೆ ಬದಲಾಗುವುದೆಂದರೇನೆಂದು ಹರಪನಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಕಂಡವರು ಅವರು.

ಜಿಲ್ಲೆ ಬದಲಾದರೂ ಬಂದರಿನ ಭಾಗ್ಯ ತೆರೆಯಲಿಲ್ಲ. 1865ಕ್ಕೆ ಅಮೆರಿಕದ ಯುದ್ಧ ಮುಗಿಯಿತು. 1880ರ ದಶಕದ ಕೊನೆಗೆ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಬಂದು ಘಟ್ಟದ ಮೇಲಿನ ಸರಕನ್ನೆಲ್ಲ ಅತ್ತ ಎಳೆದುಕೊಂಡಿತು. ಕಾರವಾರಕ್ಕೆ ರೈಲಿನ ಸದ್ದು ಕೇಳಲು 1990ರ ದಶಕದ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು.

ವ್ಯಾಪಾರ ಸೊರಗಿದ್ದರಿಂದಲೇ ದಡ ಚೆಲುವಾಗಿ ಉಳಿಯಿತೇನೋ. 1883ರಲ್ಲಿ ಇಪ್ಪತ್ತೆರಡರ ಯುವಕ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲೆ ಸಾಗಿ, ಕೋಟೆ ನೋಡಿ, ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆಗೆ ಮರಳಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೋಟೆ ಶಿವಾಜಿಯದೆಂದು ಅವರು ತಿಳಿದಿದ್ದರು. ಸದಾಶಿವಗಡದ ಕೋಟೆಯಾದರೋ ಸೋದೆಯ ಅರಸರು ಕಟ್ಟಿಸಿದ್ದು. ಮಹಾಕವಿಗೂ ದಾರಿ ತೋರಿಸುವವರು ಏನೋ ಒಂದು ಹೇಳಿರಬೇಕು! ಕಾರವಾರದಲ್ಲಿ ಅವರು ಬರೆದ ‘ಪ್ರಕೃತಿರ್ ಪ್ರತಿಶೋಧ್’ ನಾಟಕದ ನಾಯಕ ಲೋಕವನ್ನು ಗೆದ್ದೆನೆಂದು ಗವಿಯಲ್ಲಿ ಕುಳಿತ ಸನ್ಯಾಸಿ. ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುವವಳು ಒಬ್ಬ ಅನಾಥ ಬಾಲಕಿ.

ಗವಿಯೆಂದಾಗ ಘಟ್ಟದ ಮೇಲಿನ ಮಾತು ಬರುತ್ತದೆ. ಅಣಶಿ ರಾಷ್ಟ್ರೀಯ ಉದ್ಯಾನ 1987ರದು. 2007ರಲ್ಲಿ ದಾಂಡೇಲಿ ಮತ್ತು ಅಣಶಿ ಸೇರಿ ಹುಲಿ ರಕ್ಷಿತಾರಣ್ಯವಾಯಿತು; 2015ರಲ್ಲಿ ಅದಕ್ಕೆ ಕಾಳಿಯ ಹೆಸರಿಟ್ಟರು. ದಾಂಡೇಲಿಯ ಕಾಡಿನೊಳಗಿನ ಕವಳಾ ಗವಿಯಲ್ಲಿ ಸುಣ್ಣಕಲ್ಲಿನ ಮೇಲೆ ಹನಿಹನಿಯಾಗಿ ಬಿದ್ದ ನೀರೇ ಲಿಂಗದ ಆಕಾರ ಕಟ್ಟಿದೆ. ಶಿವರಾತ್ರಿಗೆ ಜನ ಸೇರುತ್ತಾರೆ.

ಕಾಡು ನೋಡುವವರು ಕೇಳದೆ ಹೋಗುವ ಒಂದು ಊರಿದೆ, ಸೂಪಾ. ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಈ ಊರು ಕಾಳಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಅನೇಕ ಮನೆಯವರು ರಾಮನಗರಕ್ಕೆ ಹೋದರು. ಕೆಳಗೆ ಕಡಲತಡಿಯಲ್ಲೂ ಇದೇ ಕಥೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲು ಇಟ್ಟರು; 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂದು ಸೇವೆಗೆ ಬಂತು. ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ದಡ ಬಿಟ್ಟು ಎದ್ದವು. ಪರಿಹಾರದ ದಾವೆಗಳು ದಶಕಗಳ ಕಾಲ ನಡೆದವು. ದೇಶದ ಕಾವಲಿಗೆ ನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಬಾಡಿಗೆ ಕೊಟ್ಟು ಎರಡು ದಿನ ಕೂರುವಂಥ ಮರಳ ಮೇಲೆ ತಲೆಮಾರುಗಳಿಂದ ಮೀನು ಒಣಗಿಸುತ್ತಿದ್ದವರು ಎಲ್ಲಿ ಹೋದರೆಂದು ದೋಣಿಯವರನ್ನು ಒಮ್ಮೆ ವಿಚಾರಿಸಿ.

ನಮ್ಮ ಕಡೆಯ ಸರಕು ಮತ್ತೊಮ್ಮೆ ಈ ಘಟ್ಟ ಇಳಿದದ್ದು ನಿಮಗೆ ನೆನಪಿರಬಹುದು. ಈ ಸಲ ಹತ್ತಿಯಲ್ಲ, ಹೊಸಪೇಟೆ, ಸಂಡೂರಿನ ಕಬ್ಬಿಣದ ಅದಿರು. ಅರಬೈಲಿನಲ್ಲಿ ಲಾರಿಗಳ ಸಾಲು, ಅಂಕೋಲೆಯ ಬೇಲೆಕೇರಿ ಬಂದರಿನಲ್ಲಿ ಕೆಂಪು ಗುಡ್ಡಗಳು. 2010ರಲ್ಲಿ ಅಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಕಾವಲಿನಲ್ಲಿದ್ದಾಗಲೇ ಹಡಗು ಹತ್ತಿಹೋಯಿತು.

ಮರಳುವಾಗ ಒಂದು ದಿನ ಉಳಿದರೆ ಜೋಯಿಡಾ ತಾಲ್ಲೂಕಿನ ಉಳವಿಗೆ ಹೋಗಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ, ಬೆನ್ನಟ್ಟಿದ ಸೈನ್ಯದಿಂದ ವಚನದ ಕಟ್ಟುಗಳನ್ನು ಉಳಿಸಿಕೊಂಡು ಚನ್ನಬಸವಣ್ಣನವರೂ ಶರಣರೂ ಬಂದು ಸೇರಿದ್ದು ಈ ಕಾಡಿಗೆ ಎಂಬುದು ಪರಂಪರೆಯ ನಂಬಿಕೆ. ಸುತ್ತಲ ಗವಿಗಳಿಗೆ ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ ಎಂಬ ಹೆಸರುಗಳಿವೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಹೂಡಿಕೊಂಡು, ರೊಟ್ಟಿಯ ಗಂಟು, ಎತ್ತಿನ ಮೇವು ಹೇರಿಕೊಂಡು ಈ ಕಾಡಿನ ದಾರಿ ಹಿಡಿಯುತ್ತಾರೆ. ರಾತ್ರಿ ಬಂಡಿಯ ಕೆಳಗೇ ಮಲಗುತ್ತಾರೆ.