ಕಡಾಣಿ ಹೋಗಿ ನಟ್ಟು ಬಂತು

ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ಆ ಜಾಗಕ್ಕೆ ತನ್ನ ಬೆರಳನ್ನೇ ಕೊಟ್ಟು ಗಂಡನನ್ನು ಉಳಿಸಿದಳೆಂಬ ಕಥೆಯನ್ನು ಹರಿಕಥೆಗಳಲ್ಲಿ ಕೇಳದವರು ಕಡಿಮೆ. ವಾಲ್ಮೀಕಿ ರಾಮಾಯಣದಲ್ಲಿ ಈ ಬೆರಳಿನ ಪ್ರಸಂಗವಿಲ್ಲ. ಆದರೆ ಗಾಡಿ ಕಟ್ಟಿ ಬಾಳಿದ ಜನರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅಚ್ಚಿನ ತುದಿಯ ಆ ಸಣ್ಣ ಕೀಲು ಜಾರಿದರೆ ಚಕ್ರವೇ ಹೊರಬರುತ್ತದೆ. ಇದನ್ನೇ ಕಡೆಗೀಲು ಎಂದು ಕರೆದ ಜೇಡರ ದಾಸಿಮಯ್ಯ, ಒಡಲೆಂಬ ಬಂಡಿಗೆ ಶಿವಭಕ್ತರ ಮಾತನ್ನು ಕಡೆಗೀಲಾಗಿ ಕಂಡ.

ಕೃಷ್ಣರಾಜನಗರ ಸೀಮೆಯ ಮಿರ್ಲೆಯ ಸುತ್ತ ಭತ್ತ, ಕಬ್ಬು ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದ ಕಾಲ ಹೋಗಿ, ಆ ಹೊರೆ ಟ್ರ್ಯಾಕ್ಟರ್ ಟ್ರೇಲರ್‌ಗೆ ಬಂದಿದೆ. ಒಂದು ಕಡಾಣಿಯ ಬದಲು ಚಕ್ರಕ್ಕೆ ಐದಾರು ನಟ್ಟುಗಳು. ಕಡಾಣಿಯನ್ನು ಕಮ್ಮಾರ ಆಯಾ ಗಾಡಿಗೆ ತಕ್ಕಂತೆ ಬಡಿದು ಕೊಡುತ್ತಿದ್ದ. ನಟ್ಟಿನ ಕಥೆ ಬೇರೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪಿನ ಮರೆಗಳಿಗೆ ಒಂದೇ ಅಳತೆ ಸೂಚಿಸಿದ. ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುವಂತಾದದ್ದು ಇಂಥ ಪ್ರಯತ್ನಗಳಿಂದ.

ಕಡಾಣಿ ಚಕ್ರವನ್ನು ತಡೆಯುತ್ತದೆ. ನಟ್ಟು ಅದನ್ನು ಅದುಮಿ ಹಿಡಿಯುತ್ತದೆ. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಚಕ್ರವನ್ನು ಹಬ್ಬಿಗೆ ಒತ್ತುತ್ತದೆ. ಈ ಒತ್ತು ಸಡಿಲವಾದರೆ ಚಕ್ರ ಅಲುಗಾಡಿ, ತೂತು ಅಗಲವಾಗಿ, ಬೋಲ್ಟೇ ತುಂಡಾಗಬಹುದು. ಕಬ್ಬು ಹೇರಿದ ಟ್ರೇಲರ್‌ನಿಂದ ಕಳಚಿದ ಚಕ್ರ ದಾರಿಹೋಕರ ಪ್ರಾಣಕ್ಕೇ ಎರವಾಗಬಲ್ಲದು.

ಆದ್ದರಿಂದ ನಟ್ಟುಗಳನ್ನು ಸುತ್ತಲೂ ಸಾಲಾಗಿ ಬಿಗಿಯದೆ, ಒಂದರ ನಂತರ ಅದರ ಎದುರಿನದನ್ನು, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಚಕ್ರ ನೆಲಕ್ಕೂರಿದ ಮೇಲೆ, ತಯಾರಕರು ಹೇಳಿದ ಬಿಗಿತಕ್ಕೆ, ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರಿನಿಂದ ಕೊನೆಯ ಬಿಗಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರ ಹಾಕಿದರೆ ಬೋಲ್ಟಿನ ಮರೆಯೇ ಹಾಳಾದೀತು. ಚಕ್ರ ಬದಲಿಸಿದರೆ 80ರಿಂದ 160 ಕಿಲೋಮೀಟರ್ ಓಡಿಸಿದ ಬಳಿಕ ಮತ್ತೆ ಪರೀಕ್ಷಿಸಬೇಕು. ಬಣ್ಣ, ಕೆಸರು, ತುಕ್ಕು ನಡುವೆ ಸಿಕ್ಕಿಕೊಂಡಿದ್ದರೆ ಅವು ಸವೆದಂತೆ ಬಿಗಿ ತಾನಾಗಿ ಕಡಿಮೆಯಾಗುತ್ತದೆ. ನಟ್ಟಿನಿಂದ ಹರಿದ ತುಕ್ಕಿನ ಗೆರೆ ಸಡಿಲಿಕೆಯ ಸೂಚನೆ.

ಹಳೆಯ ಅಭ್ಯಾಸವೊಂದು ಇಲ್ಲಿ ಸಲ್ಲದು. ಗಾಡಿಯ ಚಕ್ರ ಅಚ್ಚಿನ ಮೇಲೆಯೇ ಉರುಳುವುದರಿಂದ ಅದಕ್ಕೆ ಕೀಲೆಣ್ಣೆ ಬೇಕಿತ್ತು. ಟ್ರೇಲರ್‌ನಲ್ಲಿ ಉರುಳುವ ಕೆಲಸ ಹಬ್ಬಿನೊಳಗಿನ ಬೇರಿಂಗಿನದು, ಗ್ರೀಸು ಅದಕ್ಕೆ. ತಯಾರಕರು ಹೇಳದ ಹೊರತು ನಟ್ಟಿನ ಮರೆ ಒಣಗಿರಬೇಕು. ಎಣ್ಣೆ ಬಿದ್ದರೆ ಅದೇ ಬಲಕ್ಕೆ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ.

ಕಡಾಣಿ ಇಲ್ಲವಾದರೆ ಕಣ್ಣಿಗೆ ಕಾಣುತ್ತಿತ್ತು. ನಟ್ಟಿನ ಸಡಿಲಿಕೆ ಹಾಗೆ ಕಾಣುವುದಿಲ್ಲ. ಹೊರಡುವ ಮುನ್ನ ಚಕ್ರದ ಬಳಿ ಬಗ್ಗಿ ನೋಡುವ ಗಾಡಿಕಾರನ ರೂಢಿ ಟ್ರೇಲರ್ ಕಾಲಕ್ಕೆ ಇನ್ನೂ ಹೆಚ್ಚು ಬೇಕು. ಕೈಯಲ್ಲಿ ಸ್ಪ್ಯಾನರ್ ಇರಬೇಕು, ಅಷ್ಟೆ.